‘ಮುಗಿದಿದೆ’ ಎಂದು ಒತ್ತುವವರು ಯಾರು?

‘ಎಳ್ಳಮಾಸಿ ಆದ ಮ್ಯಾಲ ಬರ್ರಿ’ ಎಂದರೆ ಜೇವರ್ಗಿ, ಅಫಜಲಪುರ, ಆಳಂದ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ–ಸಜ್ಜಿರೊಟ್ಟಿ ಉಂಡು ಬಂದ ಮೇಲೆ ಬಾಕಿ ಕೆಲಸಕ್ಕೆ ಕೈ ಹಚ್ಚುವುದು ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೆ ಆ ಎಳ್ಳ ಅಮಾವಾಸ್ಯೆ 2024ರಲ್ಲಿ ಡಿಸೆಂಬರ್ 30ಕ್ಕೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೆ. ಹನ್ನೊಂದು ದಿನದ ಫರಕು. ಗಡುವಿನ ಲೆಕ್ಕದಲ್ಲಿ ಇದು ಸಣ್ಣದಲ್ಲ.

ಮೊಬೈಲಿನ ಕೆಲಸದ ಪಟ್ಟಿಗೆ ಈ ಅಮಾವಾಸ್ಯೆಯ ಗೊಡವೆ ಇಲ್ಲ. ಟುಡೂಯಿಸ್ಟ್ ಎಂಬ ಆ್ಯಪಿನಲ್ಲಿ ಇಂಗ್ಲಿಷಿನ ‘ಟುಮಾರೋ’ ಬರೆದರೆ ನಾಳೆಯ ತಾರೀಖು ತಾನಾಗಿ ಕೂರುತ್ತದೆ. ‘ಎಳ್ಳಮಾಸಿ ಆದಮೇಲೆ’ ಎಂದು ಬರೆದರೆ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಈ ಕಂದರವನ್ನು ದಾಟಿಸುತ್ತೇವೆ ಎಂದು ಈಗ ಎಐ ಏಜೆಂಟುಗಳು ಬಂದಿವೆ. ಜನ ಆಡುವ ಮಾತನ್ನು ಅವು ಓದುತ್ತವೆ ಅಥವಾ ಕೇಳಿಸಿಕೊಳ್ಳುತ್ತವೆ, ಅದರಲ್ಲಿ ಕೆಲಸ ಯಾವುದು, ಯಾರ ಪಾಲಿನದು, ಯಾವಾಗಿನೊಳಗೆ ಆಗಬೇಕು ಎಂದು ಹೆಕ್ಕುತ್ತವೆ, ಪಟ್ಟಿಗೆ ಹಾಕುತ್ತವೆ. ಬೇಕೆಂದರೆ ಪಟ್ಟಿಯಲ್ಲಿದ್ದ ಕೆಲಸಕ್ಕೆ ‘ಮುಗಿದಿದೆ’ ಎಂಬ ಗುರುತನ್ನೂ ಹಾಕುತ್ತವೆ. ತಕರಾರು ಇರುವುದು ಈ ಕೊನೆಯ ಕೆಲಸದಲ್ಲಿ.

ಕೆಲಸದ ಪಟ್ಟಿ ನಡೆಸುವ ಸೇವೆಗಳು ಹೊಸವಲ್ಲ. ಜೀರಾ 2002ರದು, ಟುಡೂಯಿಸ್ಟ್ 2007ರದು, ಟ್ರೆಲ್ಲೊ 2011ರದು. ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿಗೆ ಬೆಳಗಾಗುವುದು ಜೀರಾದ ‘ಟಿಕೆಟ್’ ನೋಡುವುದರಿಂದಲೇ. ಹೆಸರು ಬೇರೆಯಾದರೂ ಒಳಗಿನ ಹೂರಣ ಒಂದೇ. ಪ್ರತಿ ಕೆಲಸಕ್ಕೂ ಒಂದು ಶೀರ್ಷಿಕೆ, ಒಬ್ಬ ಹೊಣೆಗಾರ, ಒಂದು ಗಡುವು, ಒಂದು ಸ್ಥಿತಿ: ಬಾಕಿ, ನಡೆಯುತ್ತಿದೆ, ಮುಗಿದಿದೆ.

ಇದಕ್ಕೆ ಏಜೆಂಟನ್ನು ಜೋಡಿಸುವುದು ಹೇಗೆ? ಭಾಷಾ ಮಾದರಿ ಎಂಬುದಕ್ಕೆ ಬರುವ ವಿದ್ಯೆ ಒಂದೇ, ಪಠ್ಯ ಬರೆಯುವುದು. ಅದಕ್ಕೆ ತಾನಾಗಿ ಯಾವ ಆ್ಯಪನ್ನೂ ಮುಟ್ಟಲಾಗದು. ಆದ್ದರಿಂದ ಮಾದರಿಗೂ ಆ್ಯಪಿಗೂ ನಡುವೆ ಒಂದು ತಂತ್ರಾಂಶ ನಿಲ್ಲುತ್ತದೆ. ಮೊದಲೆಲ್ಲ ಒಂದೊಂದು ಮಾದರಿಗೆ ಒಂದೊಂದು ಆ್ಯಪನ್ನು ಕೂಡಿಸಲು ಬೇರೆ ಬೇರೆಯಾಗಿ ಕೋಡ್ ಬರೆಯಬೇಕಿತ್ತು. ಹತ್ತು ಮಾದರಿ, ನೂರು ಆ್ಯಪು ಎಂದರೆ ಸಾವಿರ ಜೋಡಣೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ನಿಯಮಾವಳಿಯನ್ನು ಹೊರತಂದಿತು. ಎಂಸಿಪಿ ಎಂದು ಎಲ್ಲರೂ ಕರೆಯುವುದು ಇದನ್ನೇ. 2025ರ ಮಾರ್ಚಿನಲ್ಲಿ ಓಪನ್‌ಎಐ, ಮರುತಿಂಗಳು ಗೂಗಲ್ ಡೀಪ್‌ಮೈಂಡ್ ಇದಕ್ಕೆ ಒಪ್ಪಿದವು. ಪೈಪೋಟಿಯ ಕಂಪನಿಗಳು ಇಷ್ಟು ಬೇಗ ಒಂದೇ ನಿಯಮಕ್ಕೆ ತಲೆಬಾಗಿದ್ದು ಈ ಉದ್ಯಮದಲ್ಲಿ ಅಪರೂಪ. ಅದೇ ವರ್ಷದ ಮೇ ಹೊತ್ತಿಗೆ ಜೀರಾ ನಡೆಸುವ ಅಟ್ಲಾಸಿಯನ್, ಆಸನಾ, ಲೀನಿಯರ್ ಮುಂತಾದ ಸೇವೆಗಳು ತಮ್ಮ ತಮ್ಮ ಎಂಸಿಪಿ ಸರ್ವರ್‌ಗಳನ್ನು ತೆರೆದವು.

ಒಳಗೆ ನಡೆಯುವುದು ಇಷ್ಟು. ಏಜೆಂಟಿನ ತಂತ್ರಾಂಶ ಮೊದಲು ಸರ್ವರ್‌ಗೆ ‘ನಿನ್ನಲ್ಲಿ ಏನೇನು ಸಾಧನ ಇವೆ’ ಎಂದು ಕೇಳುತ್ತದೆ. ಸರ್ವರ್ ಒಂದು ಯಾದಿ ಕೊಡುತ್ತದೆ: ಕೆಲಸ ಸೇರಿಸು, ಹುಡುಕು, ತಾರೀಖು ಬದಲಿಸು, ಮುಗಿಸು, ಅಳಿಸು. ಪ್ರತಿಯೊಂದರ ಪಕ್ಕದಲ್ಲಿ ಅದೇನು ಮಾಡುತ್ತದೆ, ಏನೇನು ತುಂಬಿಕೊಡಬೇಕು ಎಂಬ ವಿವರಣೆ ಇರುತ್ತದೆ. ಮಾದರಿ ಇದನ್ನು ಓದಿಕೊಂಡು, ಬಳಕೆದಾರರ ಮಾತಿಗೆ ಯಾವ ಸಾಧನ ಹೊಂದುತ್ತದೆ ಎಂದು ನಿರ್ಧರಿಸಿ, ನಿಗದಿತ ನಮೂನೆಯಲ್ಲಿ ಒಂದು ಚೀಟಿ ಬರೆಯುತ್ತದೆ. ತಂತ್ರಾಂಶ ಆ ಚೀಟಿಯನ್ನು ಸರ್ವರ್‌ಗೆ ಮುಟ್ಟಿಸುತ್ತದೆ, ಬಂದ ಉತ್ತರವನ್ನು ಮಾದರಿಯ ಮುಂದಿಡುತ್ತದೆ. ಮಾದರಿ ಅದನ್ನು ಓದಿ ಮುಂದಿನ ಚೀಟಿ ಬರೆಯುತ್ತದೆ. ಕೆಲಸ ಆಯಿತು ಎಂದು ಮಾದರಿಗೆ ಅನಿಸುವವರೆಗೆ ಈ ಸುತ್ತು ನಡೆಯುತ್ತಲೇ ಇರುತ್ತದೆ. ಬಳಕೆದಾರರ ಮಾತು, ಸಾಧನದ ವಿವರಣೆ, ಆ್ಯಪಿನಿಂದ ಬಂದ ಉತ್ತರ ಎಲ್ಲವೂ ಮಾದರಿಯ ಮುಂದೆ ಒಂದೇ ಹರಿವಿನ ಪಠ್ಯವಾಗಿ ಬಂದು ನಿಲ್ಲುತ್ತವೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಇದರ ಅಪಾಯಕ್ಕೆ ಮುಂದೆ ಬರೋಣ.

ಕರ್ನಾಟಕದ ಹಳ್ಳಿಗಳಿಗೆ ಕೆಲಸದ ಪಟ್ಟಿ ಎಂಬುದು ಜೀರಾದಿಂದ ಬಂದದ್ದಲ್ಲ, ರಾಜ್ಯ ಸರ್ಕಾರದ ‘ಸಕಾಲ’ ಯೋಜನೆಯಿಂದ ಬಂದದ್ದು. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯಡಿ 2012ರ ಮಾರ್ಚ್ 1ರಂದು ನಾಲ್ಕು ತಾಲೂಕುಗಳಲ್ಲಿ ಪ್ರಯೋಗ ಶುರುವಾಯಿತು. ಬೀದರ ಜಿಲ್ಲೆಯ ಔರಾದ ಅದರಲ್ಲೊಂದು. ಧಾರವಾಡ, ಚಿತ್ರದುರ್ಗ, ಪುತ್ತೂರು ಉಳಿದ ಮೂರು. ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಇಂಥ ಅಧಿಕಾರಿ ಇಷ್ಟು ಕೆಲಸದ ದಿನಗಳೊಳಗೆ ಮುಗಿಸಬೇಕು ಎಂಬ ಗಡುವು, ಮೊಬೈಲಿಗೆ ಸಂದೇಶ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಶೀರ್ಷಿಕೆ, ಹೊಣೆಗಾರ, ಗಡುವು, ಸ್ಥಿತಿ ನಾಲ್ಕೂ ಇವೆ. ಟ್ರೆಲ್ಲೊ ಮಾರುಕಟ್ಟೆಗೆ ಬಂದ ಮರುವರ್ಷವೇ ಔರಾದದ ಅರ್ಜಿದಾರನ ಕೈಯಲ್ಲಿ ಟಿಕೆಟ್ ಇತ್ತು ಎನ್ನಬಹುದು.

ನಮ್ಮ ಸೀಮೆಯ ಅಂದೋಲಾಕ್ಕೂ ಸಕಾಲ ಹತ್ತಿರದ ಸಂಗತಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತಾಲೂಕಿಗೇ ಅಂದೋಲಾ ಎಂಬ ಹೆಸರಿತ್ತು. ಈಗ ಅದು ಜೇವರ್ಗಿ ತಾಲೂಕಿನ ಒಂದು ಹೋಬಳಿ. ಹೋಬಳಿ ಎಂದ ಮೇಲೆ ನಾಡಕಚೇರಿ, ನಾಡಕಚೇರಿ ಎಂದ ಮೇಲೆ ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ. ಕಾಲೇಜು ಸೇರುವ ದಿನಗಳಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371 (ಜೆ) ಪ್ರಮಾಣಪತ್ರದ ಓಡಾಟ ಬೇರೆ. 2022ರಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರಗಳಿಂದ ಅರ್ಜಿ ಹಾಕುವ ಕೆಲಸ ಊರೊಳಗೇ ಬಂತು. ಹಾಕಿದ ಅರ್ಜಿಯನ್ನು ಹಿಂಬಾಲಿಸುವ ಕೆಲಸ ಮಾತ್ರ ಕೇಂದ್ರದ ಹುಡುಗನ ನೋಟ್‌ಬುಕ್ಕಿನಲ್ಲಿ, ವಾಟ್ಸ್ಆ್ಯಪಿನಲ್ಲಿ, ತಲೆಯಲ್ಲಿ ನಡೆಯುತ್ತದೆ.

ಇಲ್ಲಿ ಏಜೆಂಟು ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು. ಅದಕ್ಕೆ ಸರ್ಕಾರಿ ತಂತ್ರಾಂಶವನ್ನು ಮುಟ್ಟುವ ಅಗತ್ಯವೂ ಇಲ್ಲ. ಕೇಂದ್ರದವನದೇ ಒಂದು ಟ್ರೆಲ್ಲೊ ಅಥವಾ ಟುಡೂಯಿಸ್ಟ್ ಪಟ್ಟಿ ಇದ್ದರೆ ಸಾಕು.

ಒಂದು ಸಂದರ್ಭ ಊಹಿಸಿಕೊಳ್ಳೋಣ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಜೇವರ್ಗಿ, ಅಫಜಲಪುರದ ಹೊಲಗಳಿಗೆ ನುಗ್ಗಿದ ಹಾಗೆ ಮತ್ತೊಮ್ಮೆ ನುಗ್ಗಿದೆ. ಫಸಲ್ ಬಿಮಾ ಯೋಜನೆಯಲ್ಲಿ ನೀರು ನಿಂತು ತೊಗರಿ ಹಾಳಾದರೆ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು. ಒಬ್ಬ ರೈತ ಕೇಂದ್ರದವನಿಗೆ ಧ್ವನಿ ಸಂದೇಶ ಕಳಿಸುತ್ತಾನೆ: ‘ಅಣ್ಣಾರ, ತೊಗರಿ ಹೊಲದಾಗ ನೀರು ನಿಂತದ. ಸರ್ವೆ ನಂಬರ ನೂರಾ ಇಪ್ಪತ್ನಾಕ ಬಟಾ ಎರಡು. ಇನ್ಸುರೆನ್ಸ್‌ದವರಿಗಿ ಜರಾ ತಿಳಿಸ್ರಿ.’

ಏಜೆಂಟು ಇದನ್ನು ಪಠ್ಯವಾಗಿಸಿ, ‘ಬೆಳೆಹಾನಿ ದೂರು, ತೊಗರಿ, 124/2’ ಎಂದು ಕೆಲಸ ಸೇರಿಸುತ್ತದೆ. ಗಡುವಿನ ಜಾಗದಲ್ಲಿ ಏನು ಬರೆಯಬೇಕು? ಸಂದೇಶ ಬಂದದ್ದು ಶನಿವಾರ ಸಂಜೆ. ಅಲ್ಲಿಂದ 72 ಗಂಟೆ ಎಣಿಸಿದರೆ ಮಂಗಳವಾರ ಸಂಜೆ. ಆದರೆ ನೀರು ನಿಂತದ್ದು ಶುಕ್ರವಾರ ಬೆಳಿಗ್ಗೆಯಾಗಿದ್ದರೆ ಗಡುವು ಸೋಮವಾರ ಬೆಳಿಗ್ಗೆಗೇ ಮುಗಿಯಿತು. ‘ನಿಂತದ’ ಎಂಬ ಮಾತಿನಲ್ಲಿ ಯಾವಾಗಿನಿಂದ ಎಂಬುದಿಲ್ಲ. ಒಳ್ಳೆಯ ಏಜೆಂಟು ಇಲ್ಲಿ ನಿಂತು ‘ನೀರು ಯಾವತ್ತಿನಿಂದ ನಿಂತಿದೆ?’ ಎಂದು ತಿರುಗಿ ಕೇಳುತ್ತದೆ. ಆತುರದ ಏಜೆಂಟು ಸಂದೇಶದ ವೇಳೆಯನ್ನೇ ಹಿಡಿದು, ಅಂದವಾದ ಒಂದು ತಪ್ಪು ತಾರೀಖನ್ನು ಕೂರಿಸುತ್ತದೆ. ತಾರೀಖು ಅಚ್ಚುಕಟ್ಟಾಗಿ ಕಾಣುವುದರಿಂದಲೇ ಯಾರೂ ಅದನ್ನು ಮತ್ತೆ ನೋಡುವುದಿಲ್ಲ.

ಸರ್ವೆ ನಂಬರಿನ ಕತೆಯೂ ಹೀಗೆಯೇ. ಪಹಣಿಯಲ್ಲಿ ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ ಎಂದು ಮೂರು ಖಾನೆಗಳಿವೆ. ‘ಬಟಾ’ದ ಮುಂದಿನದು ಹಿಸ್ಸಾ. ಧ್ವನಿ ಗುರುತಿಸುವ ತಂತ್ರಾಂಶ ‘ಬಟಾ’ವನ್ನು ನುಂಗಿಬಿಟ್ಟರೆ 124/2 ಹೋಗಿ 1242 ಆಗುತ್ತದೆ, ಅದು ಬೇರೆ ಯಾರದೋ ಹೊಲ, ಇಲ್ಲವೇ ಇಲ್ಲದ ಹೊಲ. ಕೇಂದ್ರದವನು ಒಮ್ಮೆ ಕಣ್ಣಾಡಿಸಿದರೆ ತಪ್ಪು ಸಿಕ್ಕಿಬೀಳುತ್ತದೆ. ಏಜೆಂಟೇ ದೂರನ್ನೂ ಸಲ್ಲಿಸಿ, ಕೆಲಸವನ್ನೂ ಮುಗಿಸಿಬಿಟ್ಟರೆ ಸಿಕ್ಕಿಬೀಳುವುದು ಪರಿಹಾರ ಬಾರದಿದ್ದಾಗ.

ಕನ್ನಡ ಬರುತ್ತದೆಯೇ ಎಂಬ ಪ್ರಶ್ನೆ ಈಗ ಅಷ್ಟು ದೊಡ್ಡದಾಗಿ ಉಳಿದಿಲ್ಲ. ಕೇಂದ್ರ ಸರ್ಕಾರದ ಅನುವಾದ ವೇದಿಕೆ ‘ಭಾಷಿಣಿ’ 2022ರಲ್ಲಿ ಶುರುವಾಯಿತು. 2023ರಲ್ಲಿ ಪಿಎಂ ಕಿಸಾನ್ ಯೋಜನೆಗೆ ‘ಕಿಸಾನ್ ಇ–ಮಿತ್ರ’ ಎಂಬ ಚಾಟ್‌ಬಾಟ್ ಬಂತು. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಸರ್ವಮ್ ಎಐ ಕಂಪನಿ ಕನ್ನಡವೂ ಸೇರಿದ ಹತ್ತು ಭಾರತೀಯ ಭಾಷೆಗಳಲ್ಲಿ ಮಾತಾಡುವ ಏಜೆಂಟುಗಳನ್ನು, ನಿಮಿಷಕ್ಕೆ ಒಂದು ರೂಪಾಯಿಯಿಂದ ಶುರು ಎಂಬ ದರದಲ್ಲಿ, ಪ್ರಕಟಿಸಿತು. ಇ–ಮಿತ್ರದಂಥದ್ದು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ತಪ್ಪು ಹೇಳಿದರೆ ಇನ್ನೊಮ್ಮೆ ಕೇಳಬಹುದು. ಕೆಲಸದ ಪಟ್ಟಿಗೆ ಜೋಡಿಸಿದ ಏಜೆಂಟು ಹಾಗಲ್ಲ, ಅದು ಮಾಡಿಬಿಡುತ್ತದೆ.

ಹಾಗಾದರೆ ‘ಮುಗಿದಿದೆ’ ಗುರುತಿನ ಬಗ್ಗೆ ಇಷ್ಟು ಹೆದರಿಕೆ ಯಾಕೆ? ಯಂತ್ರ ಬರುವ ಮೊದಲೇ ಆ ಗುರುತು ನಮ್ಮಲ್ಲಿ ಸಾಕಷ್ಟು ಸುಳ್ಳು ಹೇಳಿದೆ.

ಸಕಾಲದ ಲೆಕ್ಕದಲ್ಲಿ ಗಡುವಿನೊಳಗೆ ಅರ್ಜಿ ಮಂಜೂರಾದರೂ ವಿಲೇವಾರಿ, ಗಡುವಿನೊಳಗೆ ತಿರಸ್ಕಾರವಾದರೂ ವಿಲೇವಾರಿ. ಹಾಗಾಗಿ ಗಡುವು ಹತ್ತಿರ ಬಂದಾಗ ಸಣ್ಣ ಕಾರಣ ಹಿಡಿದು ಅರ್ಜಿ ತಿರಸ್ಕರಿಸುವ ಹಾದಿ ಯಾವಾಗಲೂ ತೆರೆದಿರುತ್ತದೆ. ಈ ದೂರು ಸಕಾಲದಷ್ಟೇ ಹಳೆಯದು. ಅಂಕಿಅಂಶದಲ್ಲಿ ಅಧಿಕಾರಿ ಚುರುಕು, ಅರ್ಜಿದಾರ ಮತ್ತೆ ಸಾಲಿನಲ್ಲಿ. ಉದ್ಯೋಗ ಖಾತರಿಯಲ್ಲೂ ಇದೇ ಆಯಿತು. ಕೂಲಿಕಾರರ ಹಾಜರಿಗೆಂದು 2021ರಲ್ಲಿ ಎನ್‌ಎಂಎಂಎಸ್ ಆ್ಯಪ್ ಬಂತು, 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಿಂದಲೇ ಫೋಟೊ ಹಾಕಬೇಕಿತ್ತು. 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಫೋಟೊಗಳನ್ನು, ಫೋಟೊದ ಮೇಲೆ ತೆಗೆದ ಫೋಟೊಗಳನ್ನು ಹಾಕಲಾಗುತ್ತಿದೆ ಎಂದು ಎಚ್ಚರಿಸಬೇಕಾಯಿತು. ಆ್ಯಪಿನ ಖಾನೆ ಭರ್ತಿ, ಹಳ್ಳದ ಹೂಳು ಇದ್ದಲ್ಲೇ.

ಈ ಚಟ ಮನುಷ್ಯರಿಂದಲೇ ಬಂದದ್ದು. ಏಜೆಂಟು ಅದನ್ನು ವೇಗವಾಗಿ ಮಾಡುತ್ತದೆ, ಅಷ್ಟೇ. ‘ಬಾಕಿ ಕೆಲಸ ಖಾಲಿ ಮಾಡು’ ಎಂದು ಹೇಳಿದರೆ ಪಟ್ಟಿಯನ್ನು ಖಾಲಿ ಮಾಡುವುದು ಏಜೆಂಟಿಗೆ ಒಂದೆರಡು ಚೀಟಿಯ ಕೆಲಸ. ಪಟ್ಟಿಯ ಆಚೆ ತಹಸೀಲ್ದಾರರ ಸಹಿ ಬಿದ್ದಿದೆಯೋ, ಮುದುಕಿಯ ಪಿಂಚಣಿ ಖಾತೆಗೆ ಜಮೆಯಾಗಿದೆಯೋ ಎಂಬುದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕಾಣುವ ಲೋಕವೆಂದರೆ ಸರ್ವರ್ ತಂದುಕೊಟ್ಟ ಪಠ್ಯ ಮಾತ್ರ.

ಆ ಪಠ್ಯವನ್ನಾದರೂ ನಂಬಬಹುದೇ? 2025ರ ಜೂನಿನಲ್ಲಿ ಕೇಟೊ ನೆಟ್‌ವರ್ಕ್ಸ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ಜೀರಾದ ದೂರು ವಿಭಾಗದ ಮೇಲೆ ಒಂದು ಪ್ರಯೋಗ ಮಾಡಿ ತೋರಿಸಿದರು. ಹೊರಗಿನ ಯಾರೋ ಒಬ್ಬ ಮಾಮೂಲಿ ದೂರು ಸಲ್ಲಿಸುವವನಂತೆ ಟಿಕೆಟ್ ಹಾಕುತ್ತಾನೆ. ಅದರ ಒಕ್ಕಣೆಯಲ್ಲಿ ಎಐಗೆ ಆಜ್ಞೆಯನ್ನು ಹುದುಗಿಸಿರುತ್ತಾನೆ. ಒಳಗಿನ ಸಿಬ್ಬಂದಿ ಆ ಟಿಕೆಟನ್ನು ಎಐ ಮೂಲಕ ಸಾರಾಂಶ ಮಾಡಿಸಲು ಹೋದಾಗ ಎಐ ಆ ಆಜ್ಞೆಯನ್ನೇ ಪಾಲಿಸಿ, ಸಿಬ್ಬಂದಿಗೆ ಮಾತ್ರ ಕಾಣಬೇಕಾದ ಮಾಹಿತಿಯನ್ನು ಅದೇ ಟಿಕೆಟ್ಟಿಗೆ ತಂದು ಬರೆಯುತ್ತದೆ. ಹೊರಗಿನವನು ಓದಿಕೊಳ್ಳುತ್ತಾನೆ. ಎಲ್ಲವೂ ಒಂದೇ ಹರಿವಿನ ಪಠ್ಯವಾಗಿ ಬರುತ್ತದೆ ಎಂದು ಮೊದಲೇ ಹೇಳಿದ್ದರ ಅರ್ಥ ಇದೇ. ಯಜಮಾನನ ಮಾತು ಯಾವುದು, ಅರ್ಜಿಯೊಳಗಿನ ಒಕ್ಕಣೆ ಯಾವುದು ಎಂದು ಮಾದರಿ ಗಟ್ಟಿಯಾಗಿ ಬೇರ್ಪಡಿಸಲಾರದು. ‘ಪ್ರಾಂಪ್ಟ್ ಇಂಜೆಕ್ಷನ್’ ಎಂಬ ಈ ದೋಷಕ್ಕೆ 2022ರಲ್ಲೇ ಹೆಸರಿಟ್ಟರು, ಪೂರ್ತಿ ಮದ್ದು ಇನ್ನೂ ಸಿಕ್ಕಿಲ್ಲ.

ಅದೇ ತಿಂಗಳು ಆಸನಾದ ಪ್ರಕರಣ. 2025ರ ಮೇ 1ರಂದು ತೆರೆದ ಅದರ ಎಂಸಿಪಿ ಸರ್ವರಿನಲ್ಲಿ ದೋಷವಿದೆ ಎಂದು ಜೂನ್ 4ರಂದು ಗೊತ್ತಾಯಿತು. ಒಂದು ಸಂಸ್ಥೆಯ ಕೆಲಸದ ವಿವರ ಇನ್ನೊಂದು ಸಂಸ್ಥೆಯ ಎಂಸಿಪಿ ಬಳಕೆದಾರರಿಗೆ ಕಾಣುವ ಸಾಧ್ಯತೆ ಇತ್ತು. ಸರ್ವರನ್ನು ಮುಚ್ಚಿ, ಸರಿಪಡಿಸಿ, ಜೂನ್ 17ರಂದು ಮತ್ತೆ ತೆರೆದರು. ಇಲ್ಲಿ ಮಾದರಿಯ ತಪ್ಪೇನೂ ಇರಲಿಲ್ಲ, ಜೋಡಣೆಯದೇ ತಪ್ಪು. ಕೇಂದ್ರದವನ ಪಟ್ಟಿಯಲ್ಲಿ ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇದ್ದರೆ ಇಂಥದ್ದೊಂದು ದೋಷ ಸಾಕು. ಕೆಲಸದ ಶೀರ್ಷಿಕೆಯಲ್ಲಿ ಆಧಾರ್ ಸಂಖ್ಯೆಯನ್ನು ಬರೆದಿಡುವ ರೂಢಿ ಇದ್ದರೆ ಇವತ್ತೇ ಬಿಡುವುದು ಒಳ್ಳೆಯದು. ಜಿಎಸ್‌ಸಿ ಸಂಖ್ಯೆ ಮತ್ತು ಅರ್ಜಿದಾರರ ಹೆಸರಿನ ಮೊದಲ ಅಕ್ಷರ ಇದ್ದರೆ ಅರ್ಜಿ ಗುರುತಿಸಲು ಧಾರಾಳವಾಯಿತು.

ಎಂಸಿಪಿ ಬರೆದವರಿಗೆ ಈ ಅಪಾಯ ತಿಳಿಯದೆ ಇಲ್ಲ. ಸಾಧನವನ್ನು ಚಲಾಯಿಸುವ ಮುನ್ನ ಬೇಡ ಎನ್ನುವ ಅವಕಾಶ ಮನುಷ್ಯನಿಗೆ ಇರಬೇಕು ಎಂದು ನಿಯಮಾವಳಿಯೇ ಹೇಳುತ್ತದೆ. 2025ರ ಮಾರ್ಚಿನ ಆವೃತ್ತಿಯಲ್ಲಿ ಪ್ರತಿ ಸಾಧನಕ್ಕೆ ‘ಇದು ಬರೀ ಓದುವಂಥದ್ದು’, ‘ಇದು ಹಾಳುಗೆಡವಬಹುದಾದದ್ದು’ ಎಂಬ ಲೇಬಲ್ ಅಂಟಿಸುವ ಏರ್ಪಾಡೂ ಬಂತು. ಆದರೆ ಅದು ಸೂಚನೆ ಮಾತ್ರ, ಬೀಗವಲ್ಲ. ಪ್ರತಿ ಸಲ ‘ಒಪ್ಪಿಗೆಯೇ?’ ಎಂದು ಕೇಳಿಸಿಕೊಂಡು ಬೇಸತ್ತವರು ‘ಯಾವಾಗಲೂ ಒಪ್ಪಿಗೆ’ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಸಂತೆಯ ದಿನ ಕೇಂದ್ರದ ಮುಂದೆ ಇಪ್ಪತ್ತು ಜನ ನಿಂತಾಗ ಯಾರಾದರೂ ಒತ್ತುವುದು ಅದನ್ನೇ.

ಆದ್ದರಿಂದ ಎಲ್ಲದಕ್ಕೂ ಒಪ್ಪಿಗೆ ಕೇಳುವ ಏಜೆಂಟಿಗಿಂತ ಸರಿಯಾದ ಒಂದೇ ಕಡೆ ಕೇಳುವ ಏಜೆಂಟು ಮೇಲು. ಕೆಲಸ ಹುಡುಕಲಿ, ಸೇರಿಸಲಿ, ‘ನಾಳೆಗೆ ಗಡುವು’ ಎಂದು ನೆನಪಿಸಲಿ. ಇದಕ್ಕೆಲ್ಲ ತಡೆ ಬೇಡ. ತಪ್ಪಾಗಿ ಸೇರಿದ ಕೆಲಸ ಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತದೆ. ತಪ್ಪಾಗಿ ಮುಗಿದ ಕೆಲಸ ಪಟ್ಟಿಯಿಂದಲೇ ಮಾಯ. ಹಲವು ಏಜೆಂಟುಗಳ ಸೆಟ್ಟಿಂಗ್ಸಿನಲ್ಲಿ ಜೋಡಿಸಿದ ಸೇವೆಯ ಒಂದೊಂದು ಸಾಧನವನ್ನೂ ಬೇರೆಯಾಗಿ ತೆರೆಯುವ, ಮುಚ್ಚುವ ಸೌಲಭ್ಯವಿದೆ. ಜೋಡಿಸಿದ ದಿನವೇ ‘ಮುಗಿಸು’ ಮತ್ತು ‘ಅಳಿಸು’ ಎರಡನ್ನೂ ಮುಚ್ಚಿಡಬೇಕು. ಅರ್ಜಿದಾರ ಪ್ರಮಾಣಪತ್ರ ಕೈಗೆ ತೆಗೆದುಕೊಂಡ ಮೇಲೆ ಕೇಂದ್ರದವನೇ ಬೆರಳಿಟ್ಟು ಆ ಗುರುತು ಹಾಕಲಿ. ಅದಕ್ಕೆ ಹಿಡಿಯುವುದು ಎರಡು ಸೆಕೆಂಡು.

ಬೆಂಗಳೂರಿನಲ್ಲಿ ಕೂತು ಇಂಥ ಜೋಡಣೆಗಳನ್ನು ಬರೆಯುತ್ತಿರುವ ನಮ್ಮ ಸೀಮೆಯ ಹುಡುಗ ಹುಡುಗಿಯರಿಗೆ ಎರಡು ಕೋರಿಕೆ. ತಾರೀಖಿನ ಖಾನೆಗೆ ಪಂಚಾಂಗವನ್ನು ಕಲಿಸಿ. ಕಾರಹುಣ್ಣಿಮೆ, ಎಳ್ಳಮಾಸಿ, ಯುಗಾದಿ ಈ ಕಡೆ ಸಾಲ ತೀರಿಸುವ, ಬಿತ್ತುವ, ರಾಶಿ ಮಾಡುವ ದಿನಗಳ ಗುರುತು. ಅವು ತಿಳಿಯದಿದ್ದರೆ ಏಜೆಂಟು ಊಹಿಸದೆ ಕೇಳುವಂತೆ ಮಾಡಿ. ಮತ್ತೊಂದು, ‘ಮುಗಿದಿದೆ’ ಎಂಬ ಒಂದೇ ಖಾನೆಯನ್ನು ಒಡೆದು ‘ಮಂಜೂರು’, ‘ತಿರಸ್ಕಾರ’, ‘ಅರ್ಜಿದಾರರ ಕೈಸೇರಿದೆ’ ಎಂದು ಮೂರು ಮಾಡಿ, ಮೂರನೆಯದನ್ನು ಒತ್ತುವ ಅಧಿಕಾರವನ್ನು ಏಜೆಂಟಿಗೆ ಕೊಡಬೇಡಿ.